ಹಗ್ಗ ಬಿಡಬೇಕಾದ ಗಳಿಗೆ

ಮಾನ್ವಿ ಕಡೆಯ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಬಟ್ಟೆ ಒಗೆಯುವ ಯಾರನ್ನೇ ಕೇಳಿ, ನೀರಿನ ಸೆಳೆತ ಎಂಥದ್ದೆಂದು ಅವರ ತೋಳಿಗೆ ಗೊತ್ತು. ಸೀರೆಯ ಒಂದು ತುದಿ ಹಿಡಿದು ಹರಿವಿಗೆ ಬಿಟ್ಟರೆ ಅದು ಬಿಗಿಯಾಗಿ ಚಾಚಿಕೊಳ್ಳುತ್ತದೆ, ಮೊಣಕೈ ಜಗ್ಗುತ್ತದೆ, ನೀರು ಅದರ ಮೇಲೆ ಹೊರಳಿ ಹಾಯುತ್ತದೆ. ಕೈ ತಪ್ಪಿತೋ, ಆ ಜಗ್ಗಾಟವೆಲ್ಲ ಅರೆಕ್ಷಣದಲ್ಲಿ ಮುಗಿಯಿತು. ಅದೇ ಸೀರೆ, ಅದೇ ನೀರು. ಆದರೆ ಸೀರೆ ಈಗ ಸಡಿಲವಾಗಿ, ಮಡಿಕೆ ಬಿಚ್ಚಿಕೊಂಡು, ಸಾವಕಾಶ ತೇಲಿ ಹೋಗುತ್ತಿದೆ.

ಸೆಳೆತ ನೀರಿನದೇ ಆಗಿದ್ದರೆ, ಕೈ ಬಿಟ್ಟ ಕೂಡಲೇ ಅದು ಹೋದದ್ದು ಎಲ್ಲಿಗೆ?

ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಎರಡು ವಿಷಯಗಳು ಅರ್ಥವಾಗುತ್ತವೆ. ಮೊದಲನೆಯದು, ಪ್ರವಾಹದಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದವನಿಗೆ ಆ ಹಗ್ಗವೇ ಯಾಕೆ ಉರುಲಾಗುತ್ತದೆ ಎಂಬುದು. ಎರಡನೆಯದು, ಮೋಟಾರು ದೋಣಿಯ ಹಿಂದೆ ಹಲಗೆಯ ಮೇಲೆ ನಿಂತು ನೀರಲ್ಲಿ ಜಾರುವ ವಾಟರ್ ಸ್ಕೀಯಿಂಗ್ ಆಟದಲ್ಲಿ ಪಾದವನ್ನು ಹಲಗೆಗೆ ಹೇಗೆ ಕಟ್ಟಬೇಕು ಎಂಬುದು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡಿನವರಿಗೆ ಮೊದಲನೆಯದು ಜೀವದ ಪ್ರಶ್ನೆ. ಆ ಪ್ರಶ್ನೆಯನ್ನು ಹತ್ತಾರು ವರ್ಷ ಅಳೆದು ತೂಗಿ ನೋಡಿದವರು ಮಾತ್ರ ಎರಡನೆಯದರ ಆಟಗಾರರು.

ತಳ್ಳುವುದು ನೀರಲ್ಲ, ವೇಗದ ಅಂತರ

ಹರಿಯುವ ನೀರು ತನ್ನೊಂದಿಗೆ ಅದೇ ವೇಗದಲ್ಲಿ ಸಾಗುವ ವಸ್ತುವನ್ನು ತಳ್ಳುವುದಿಲ್ಲ, ಹೊತ್ತುಕೊಂಡು ಹೋಗುತ್ತದೆ ಅಷ್ಟೆ. ತಳ್ಳು ಹುಟ್ಟುವುದು ನೀರಿನ ವೇಗಕ್ಕೂ ವಸ್ತುವಿನ ವೇಗಕ್ಕೂ ಅಂತರ ಇದ್ದಾಗ. ಸೀರೆಯ ತುದಿ ಹಿಡಿದ ಕೈ ಈ ಅಂತರವನ್ನು ಜೀವಂತವಾಗಿ ಇಡುತ್ತದೆ. ನೀರು ಸಾಗುತ್ತಿದೆ, ಸೀರೆ ನಿಂತಿದೆ. ಕೈ ಬಿಟ್ಟಾಗ ಸೀರೆ ನೀರಿನ ವೇಗವನ್ನೇ ಪಡೆಯುತ್ತದೆ, ಅಂತರ ಸೊನ್ನೆಯಾಗುತ್ತದೆ, ಅದರೊಂದಿಗೆ ಜಗ್ಗಾಟವೂ ಸೊನ್ನೆ.

ಈ ಅಂತರಕ್ಕೆ ಒಂದು ಕೆಟ್ಟ ಗುಣವಿದೆ. ಅದು ಎರಡು ಪಟ್ಟಾದರೆ ತಳ್ಳು ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಸೊಂಟದ ಮಟ್ಟದ ನೀರಿನಲ್ಲಿ ಒಬ್ಬ ದೊಡ್ಡವರು ನಿಂತಿದ್ದಾರೆ ಎನ್ನಿ. ನೀರು ಸೆಕೆಂಡಿಗೆ 1 ಮೀಟರ್, ಅಂದರೆ ನಿಧಾನ ನಡಿಗೆಯ ವೇಗದಲ್ಲಿ ಹರಿಯುತ್ತಿದ್ದರೆ ಅವರ ಮೇಲೆ ಬೀಳುವ ತಳ್ಳು ಸುಮಾರು 15 ಕಿಲೋ ಭಾರದಷ್ಟು. ಕಾಲೂರಿ ತಡೆದುಕೊಳ್ಳಬಹುದು. ಸೆಕೆಂಡಿಗೆ 2 ಮೀಟರ್ ಆದರೆ ಅದು ಸುಮಾರು 60 ಕಿಲೋ, 3 ಮೀಟರ್ ಆದರೆ ಸುಮಾರು 135 ಕಿಲೋ ಆಗುತ್ತದೆ. ದಂಡೆಯ ಮೇಲೆ ನಿಂತವರ ಕಣ್ಣಿಗೆ ಈ ಮೂರು ಹರಿವುಗಳ ನಡುವೆ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ. ನೀರಿಗಿಳಿದ ಮೇಲೆ ಮಾತ್ರ ಒಂಬತ್ತು ಪಟ್ಟಿನ ಲೆಕ್ಕ ಮೈಗೆ ತಿಳಿಯುತ್ತದೆ.

ಇನ್ನೊಂದು ಮಾತೂ ಇದೆ. ನೀರು ಮೇಲೇರಿದಂತೆ ಅದು ನಮ್ಮ ಮೈಯನ್ನು ಎತ್ತಿ ಹಿಡಿಯುತ್ತದೆ. ಸೊಂಟದ ಮೇಲೆ ನೀರು ಬಂದಾಗ ಪಾದದ ಮೇಲೆ ಬೀಳುವ ಭಾರ ಅರ್ಧಕ್ಕರ್ಧ ಇಳಿದಿರುತ್ತದೆ. ಅಂದರೆ ತಳ್ಳು ಹೆಚ್ಚಾಗುವ ಹೊತ್ತಿಗೇ ನೆಲದ ಹಿಡಿತ ಕಡಿಮೆಯಾಗುತ್ತದೆ.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ, ದೇವದುರ್ಗ ತಾಲ್ಲೂಕಿನ ಹಿರೇರಾಯಕುಂಪಿಯ ಹತ್ತಿರ ಸೇತುವೆಯ ಮೇಲೆಯೇ ನೀರು ಹಾಯುತ್ತಿತ್ತು. ದಾರಿ ಎಲ್ಲಿದೆಯೆಂದು ಕಾಣದೆ ಒಂದು ಆಂಬುಲೆನ್ಸ್ ನಿಂತಾಗ, ಊರಿನ ಒಬ್ಬ ಬಾಲಕ ಮುಂದೆ ಮುಂದೆ ನೀರಿನಲ್ಲಿ ಓಡಿ, ಎದ್ದು ಬಿದ್ದು ಅದಕ್ಕೆ ದಾರಿ ತೋರಿಸಿದ. ಆ ಧೈರ್ಯಕ್ಕೆ ಅವನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಸಂದಿತು. ನಾಡಿನ ಬಹಳ ಜನ ಆ ವಿಡಿಯೊ ನೋಡಿದ್ದಾರೆ. ಮೇಲಿನ ಲೆಕ್ಕ ಇಟ್ಟುಕೊಂಡು ಅದನ್ನು ಇನ್ನೊಮ್ಮೆ ನೋಡಿದರೆ ಆ ಹುಡುಗ ಪ್ರತಿ ಹೆಜ್ಜೆಗೂ ಎಷ್ಟು ಭಾರವನ್ನು ಎದುರಿಸುತ್ತಿದ್ದ ಎಂಬುದು ತಿಳಿಯುತ್ತದೆ. ಅಂಥ ನೀರಿಗೆ ಯಾವ ಮಗುವೂ ಇಳಿಯಬೇಕಾದ ಸಂದರ್ಭ ಬಾರದಂತೆ ನೋಡಿಕೊಳ್ಳುವುದು ದೊಡ್ಡವರಾದ ನಮ್ಮ ಹೊಣೆ.

ಸೊಂಟದ ಹಗ್ಗ ಮುಳುಗಿಸುವುದು ಹೇಗೆ

ಪ್ರವಾಹ ಬಂದಾಗ ಊರುಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದು: ಈಜು ಬಲ್ಲ ಯುವಕನೊಬ್ಬ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಾನೆ, ದಂಡೆಯ ಮೇಲೆ ನಾಲ್ಕು ಜನ ಹಿಡಿಯುತ್ತಾರೆ, ಅವನು ಇಳಿಯುತ್ತಾನೆ. ಹೊಳೆಯ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಬಿಡಿಸಲು ಇಳಿಯುವ ರೈತರೂ ಹೀಗೆಯೇ ಮಾಡುತ್ತಾರೆ. ನಿಂತ ನೀರಿನಲ್ಲಿ ಇದು ಒಳ್ಳೆಯದೇ. ಹರಿವಿನಲ್ಲಿ ಏನಾಗುತ್ತದೆ ನೋಡೋಣ.

ಅವನು ಕಾಲು ಜಾರಿ ತೇಲತೊಡಗಿದಾಗ ದಂಡೆಯವರು ಗಾಬರಿಯಾಗಿ ಹಗ್ಗವನ್ನು ಬಿಗಿಯಾಗಿ ಹಿಡಿಯುತ್ತಾರೆ. ಆ ಕ್ಷಣಕ್ಕೆ ಅವನು ನಿಂತ, ನೀರು ಸಾಗಿತು, ಅಂತರ ಹುಟ್ಟಿತು. ನೀರಿನ ಪೂರ್ಣ ತಳ್ಳು ಎದೆಯ ಮೇಲೆ ಬಿತ್ತು. ಹಗ್ಗ ಹೊಟ್ಟೆಯ ಮುಂದೆ ಇರುವುದರಿಂದ ಮೈ ಅಲ್ಲಿಗೇ ಮಡಚಿಕೊಳ್ಳುತ್ತದೆ, ಕಾಲು ಮತ್ತು ತಲೆ ಎರಡೂ ಹರಿವಿನ ಕೆಳಗಡೆಗೆ ಬಾಗುತ್ತವೆ, ಎದುರಿನಿಂದ ಬರುವ ನೀರು ಮುಖದ ಮೇಲೆ ಗುಡ್ಡೆಯಾಗಿ ಹತ್ತುತ್ತದೆ. ದಂಡೆಯವರು ಜಗ್ಗಿದಷ್ಟೂ ಅಂತರ ಹೆಚ್ಚುತ್ತದೆ, ಮೈ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಬಿಗಿದ ಗಂಟು ನೀರಿನಲ್ಲಿ ನೆನೆದು ಭಾರ ಬಿದ್ದ ಮೇಲೆ ಬೆರಳಿಗೆ ಬಿಚ್ಚುವುದಿಲ್ಲ. ಇಲ್ಲಿ ಯಾರ ಪ್ರೀತಿಯಲ್ಲೂ ಕೊರತೆಯಿಲ್ಲ, ಯಾರ ತೋಳಿನಲ್ಲೂ ಶಕ್ತಿಗೆ ಕೊರತೆಯಿಲ್ಲ. ಕೊರತೆ ಒಂದೇ: ಆ ಹಗ್ಗಕ್ಕೆ ಬಿಡುವ ದಾರಿ ಇಲ್ಲ.

ಅದೇ ಹಗ್ಗ ಬೆನ್ನಿನ ಮೇಲ್ಭಾಗದಲ್ಲಿ, ಎರಡು ಹೆಗಲೆಲುಬುಗಳ ನಡುವೆ ಇದ್ದಿದ್ದರೆ? ಆಗ ಮುಖ ಹರಿವಿನ ದಿಕ್ಕಿಗೆ ತಿರುಗುತ್ತದೆ. ನೀರು ತಲೆಯ ಹಿಂಭಾಗಕ್ಕೆ ಬಡಿದು ಎರಡೂ ಕಡೆ ಸೀಳಿಕೊಂಡು ಹೋಗುತ್ತದೆ, ಮುಖದ ಮುಂದೆ ಉಸಿರಾಡುವಷ್ಟು ಪೊಳ್ಳು ಜಾಗ ಉಳಿಯುತ್ತದೆ. ಅಪಾಯ ತಗ್ಗುತ್ತದೆ, ಮುಗಿಯುವುದಿಲ್ಲ. ಅಂತರ ಇದ್ದೇ ಇದೆ.

ನದಿಯ ತಳದ ಬಂಡೆಯೂ ಬಿಡದ ಹಗ್ಗದ ಕೆಲಸವನ್ನೇ ಮಾಡುತ್ತದೆ. ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯ ಪಾತ್ರ ಬಹಳ ಕಡೆ ಬಂಡೆಗಳಿಂದ ತುಂಬಿದೆ. ಓಡುವ ನೀರಿನಲ್ಲಿ ಎದ್ದು ನಿಲ್ಲಲು ಹೋದವನ ಪಾದ ಎರಡು ಕಲ್ಲುಗಳ ಸಂದಿಗೆ ಸಿಕ್ಕಿತೆಂದರೆ, ಹರಿವು ಅವನನ್ನು ಮುಂದಕ್ಕೆ ಬೀಳಿಸಿ ಅಲ್ಲೇ ಒತ್ತಿ ಹಿಡಿಯುತ್ತದೆ. ಮೊಣಕಾಲುದ್ದದ ನೀರಿನಲ್ಲೂ ಜೀವ ಹೋಗುವುದು ಹೀಗೆ. ಪಾದವನ್ನು ಹಿಡಿದು ಬಿಡದ ಕಟ್ಟು ಎಂದರೆ ಏನೆಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಇಲ್ಲ.

ನೀರು ನಿಂತಿದೆ, ಮನುಷ್ಯ ಓಡುತ್ತಿದ್ದಾನೆ

ಈಗ ಎರಡನೆಯ ವಿಷಯಕ್ಕೆ ಬರೋಣ. 1922ರ ಬೇಸಿಗೆಯಲ್ಲಿ ಅಮೆರಿಕದ ಮಿನೆಸೋಟಾದ ಲೇಕ್ ಸಿಟಿಯಲ್ಲಿ ರಾಲ್ಫ್ ಸ್ಯಾಮ್ಯುಯಲ್‌ಸನ್ ಎಂಬ ಹದಿನೆಂಟರ ಹುಡುಗ ಪೆಪಿನ್ ಸರೋವರದ ಮೇಲೆ ನಿಲ್ಲಲು ಹೊರಟ. ಹಿಮದ ಮೇಲೆ ಜಾರಬಹುದಾದರೆ ನೀರಿನ ಮೇಲೆ ಯಾಕಾಗದು ಎಂಬುದು ಅವನ ಪ್ರಶ್ನೆ. ಪೀಪಾಯಿಯ ಪಟ್ಟಿಗಳನ್ನು ಕಟ್ಟಿಕೊಂಡು ನೋಡಿದ, ಹಿಮದ ಸ್ಕೀಗಳನ್ನು ಕಟ್ಟಿಕೊಂಡು ನೋಡಿದ. ಕೊನೆಗೆ ಎಂಟು ಅಡಿ ಉದ್ದದ ಎರಡು ಮರದ ಹಲಗೆಗಳ ತುದಿಯನ್ನು ಬಗ್ಗಿಸಿ, ಪಾದ ತೂರಿಸಲು ಚರ್ಮದ ಪಟ್ಟಿ ಹೊಡೆದ. ಜುಲೈ 2ರಂದು ದೋಣಿಯ ಹಿಂದೆ ಅವನು ಎದ್ದು ನಿಂತ. ವಾಟರ್ ಸ್ಕೀಯಿಂಗ್ ಹುಟ್ಟಿತು.

ಇಲ್ಲಿ ಕೆರೆಯ ನೀರು ನಿಂತಿದೆ, ಮನುಷ್ಯ ಓಡುತ್ತಿದ್ದಾನೆ. ಆದರೆ ನೀರಿಗೆ ಆ ಭೇದವಿಲ್ಲ, ಅದಕ್ಕೆ ಲೆಕ್ಕ ಅಂತರದ್ದು ಮಾತ್ರ. ಇಂದಿನ ಸ್ಪರ್ಧೆಗಳಲ್ಲಿ ಒಂಟಿ ಹಲಗೆಯ ಮೇಲೆ ತಿರುವು ಹಾಕುವ ಗಂಡಸರ ದೋಣಿ ಗಂಟೆಗೆ 58 ಕಿಲೋಮೀಟರ್‌ವರೆಗೆ, ಹೆಂಗಸರ ದೋಣಿ 55 ಕಿಲೋಮೀಟರ್‌ವರೆಗೆ ಓಡುತ್ತದೆ. 55 ಎಂದರೆ ಸೆಕೆಂಡಿಗೆ ಸುಮಾರು 15 ಮೀಟರ್. ಮೇಲೆ ಕಂಡ ನಡಿಗೆ ವೇಗದ ಹದಿನೈದು ಪಟ್ಟು. ಅಷ್ಟೇ ಅಗಲದ ವಸ್ತುವಿನ ಮೇಲೆ ತಳ್ಳು 225 ಪಟ್ಟು!

ಹಲಗೆ ನೀರಿನ ಮೇಲೆ ಚಪ್ಪಟೆಯಾಗಿ ಜಾರುತ್ತಿರುವಷ್ಟು ಹೊತ್ತು ಈ ಶಕ್ತಿ ಆಟಗಾರನನ್ನು ಎತ್ತಿ ಹಿಡಿಯುತ್ತದೆ. ಅದರ ಮೂತಿ ಒಂದು ಗೇಣು ಒಳಹೊಕ್ಕರೆ ಕಥೆಯೇ ಬೇರೆ. ಮೂತಿ ಪಾದದಿಂದ ಬಹಳ ಮುಂದೆ ಇರುವುದರಿಂದ, ಅಲ್ಲಿ ಬಿದ್ದ ಸಣ್ಣ ತಳ್ಳೂ ಮೊಣಕಾಲಿಗೆ ಬರುವಾಗ ದೊಡ್ಡ ತಿರುಚಾಗುತ್ತದೆ. ಕಾಲಿನ ಎಲುಬು ನೇರ ಭಾರವನ್ನು ಬಹಳ ತಡೆಯುತ್ತದೆ, ತಿರುಚನ್ನು ತಡೆಯುವುದು ಕಡಿಮೆ. ಹಗ್ಗದ ಹಿಡಿಯನ್ನು ಕೈ ಬಿಡಬಲ್ಲದು. ಪಾದದ ಕಟ್ಟನ್ನು ಆ ಅರೆಕ್ಷಣದಲ್ಲಿ ಬಿಡಿಸಲು ಕೈಗೆ ಪುರುಸೊತ್ತಿಲ್ಲ. ಕಟ್ಟು ತಾನಾಗಿಯೇ ಬಿಡಬೇಕು.

ಇಂಥ ಕಟ್ಟನ್ನು ಕಳಚುಕಟ್ಟು ಎಂದು ಕರೆಯೋಣ. ಅಂಗಡಿಯಲ್ಲಿ ಅದರ ಹೆಸರು ರಿಲೀಸ್ ಬೈಂಡಿಂಗ್. ಈ ವಿಚಾರ ಹಿಮದ ಆಟದಿಂದ ಬಂದದ್ದು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಆರೆಗಾನ್‌ನಲ್ಲಿ ನೆಲೆಸಿದ್ದ ಯಾಲ್ಮರ್ ವಾಮ್ ಎಂಬ ಸ್ಕೀಪಟು 1937ರಲ್ಲಿ ಮೌಂಟ್ ಹುಡ್ ಬೆಟ್ಟದಲ್ಲಿ ಬಿದ್ದು ಕಾಲು ಮುರಿದುಕೊಂಡ. ಪಾದ ಹಲಗೆಯಿಂದ ಬಿಡದೆ ಹೋದದ್ದೇ ಮುರಿತಕ್ಕೆ ಕಾರಣವೆಂದು ಅವನಿಗೆ ಗೊತ್ತಿತ್ತು. ತಿರುಚು ಮಿತಿ ಮೀರಿದರೆ ಬೆರಳ ತುದಿಯ ಕಡೆ ತಾನಾಗಿ ಕಳಚುವ ಕಟ್ಟನ್ನು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಅವನು ಯೋಚಿಸಿದ.

ಎರಡು ಗೆರೆಗಳ ನಡುವೆ

ಕಳಚುಕಟ್ಟನ್ನು ಆರಿಸುವಾಗ ಮನಸ್ಸಿನಲ್ಲಿ ಎರಡು ಗೆರೆ ಎಳೆದುಕೊಳ್ಳಬೇಕು. ಕೆಳಗಿನ ಗೆರೆ ಆಟದ ಭಾರದ್ದು. ತಿರುವು ಹಾಕುವಾಗ, ಅಲೆ ದಾಟುವಾಗ ಕಟ್ಟಿನ ಮೇಲೆ ಸಹಜವಾಗಿ ಬೀಳುವ ಜಗ್ಗು ಅದು. ಮೇಲಿನ ಗೆರೆ ಎಲುಬು ಮತ್ತು ಕೀಲು ತಡೆಯಬಲ್ಲ ಭಾರದ್ದು. ಕಟ್ಟು ಈ ಎರಡರ ನಡುವೆ ಎಲ್ಲೋ ಕಳಚಬೇಕು. ಕೆಳಗಿನ ಗೆರೆಗಿಂತ ಮೊದಲೇ ಕಳಚಿದರೆ ಪೂರ್ಣ ವೇಗದಲ್ಲಿರುವ ಆಟಗಾರ ಸುಮ್ಮಸುಮ್ಮನೆ ನೀರಿಗೆ ಅಪ್ಪಳಿಸುತ್ತಾನೆ. ಮೇಲಿನ ಗೆರೆ ದಾಟಿದ ಮೇಲೂ ಕಳಚದಿದ್ದರೆ ಕಳಚುವುದು ಕೀಲು.

ಗೆರೆಗಳು ಎಲ್ಲರಿಗೂ ಒಂದೇ ಅಲ್ಲ. ಹಗುರ ಮೈಯವರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಮೇಲಿನ ಗೆರೆ ಕೆಳಗಿಳಿದಿರುತ್ತದೆ. ಹಿಮದ ಆಟದಲ್ಲಿ ತೂಕ, ಎತ್ತರ, ವಯಸ್ಸು, ಬೂಟಿನ ಉದ್ದ, ಆಟದ ಪಳಗು ಇವನ್ನೆಲ್ಲ ಕೂಡಿಸಿ ಕಟ್ಟಿನ ಬಿಗಿಯನ್ನು ಅಂಕಿಯಲ್ಲಿ ಹೇಳುವ ಪಟ್ಟಿಗಳಿವೆ. ಅಣ್ಣನ ಹಲಗೆಯನ್ನು ತಮ್ಮ ಹಾಗೆಯೇ ಹಾಕಿಕೊಳ್ಳಬಾರದು ಎಂಬುದರ ಹಿಂದಿನ ಕಾರಣ ಇದೇ.

ಕಟ್ಟಿನ ಬಗೆಗಳೂ ಹಲವು. ರಬ್ಬರ್ ಪಟ್ಟಿಯ ಹಳೆಯ ಬಗೆಯಲ್ಲಿ ಪಾದವೇ ಜಾರಿ ಹೊರಬರುತ್ತದೆ. ರಬ್ಬರ್ ಹಿಗ್ಗುವುದರಿಂದ ಯಾವ ದಿಕ್ಕಿನಿಂದ ಜಗ್ಗಿದರೂ ಅಷ್ಟಿಷ್ಟು ಬಿಡುತ್ತದೆ, ಕಲಿಯುವವರಿಗೆ ಒಳ್ಳೆಯದು. ಆದರೆ ಅಳತೆ ಸರಿಯಿರಬೇಕು. ಒಣಗಿ ಸೆಟೆದ ರಬ್ಬರ್ ಬಿಡುವುದಿಲ್ಲ, ಸವೆದು ಸಡಿಲಾದದ್ದು ಹಿಡಿಯುವುದಿಲ್ಲ. ಲೇಸು ಬಿಗಿಯುವ ಬೂಟು ಗಟ್ಟಿಯಾಗಿ ಹಿಡಿಯುತ್ತದೆ. ಎಷ್ಟು ಬಿಗಿದೆವು ಎಂಬುದರ ಮೇಲೆ ಅದು ಬಿಡುವ ಭಾರ ದಿನದಿನಕ್ಕೂ ಬದಲಾಗುತ್ತದೆ. ಮೂರನೆಯ ಬಗೆಯಲ್ಲಿ ಗಟ್ಟಿ ಬೂಟು ಪಾದದಲ್ಲೇ ಉಳಿದು, ಬೂಟೇ ಹಲಗೆಯಿಂದ ಕಳಚುತ್ತದೆ. ಕೆಲವದರಲ್ಲಿ ಸ್ಪ್ರಿಂಗ್ ಇರುತ್ತದೆ, ಕೆಲವದರಲ್ಲಿ ಅಣಬೆ ತಲೆಯ ಸಣ್ಣ ಪ್ಲಾಸ್ಟಿಕ್ ಹಲ್ಲುಗಳು ಒಂದರೊಳಗೊಂದು ಕಚ್ಚಿಕೊಳ್ಳುವ ಪಟ್ಟಿ ಇರುತ್ತದೆ. ಇದರ ಬಿಗಿಯನ್ನು ಹೆಚ್ಚು ಕರಾರುವಾಕ್ಕಾಗಿ ಹೊಂದಿಸಬಹುದು. ಆದರೆ ಮರಳು ಸೇರಿದ ಸ್ಪ್ರಿಂಗು, ಸವೆದ ಹಲ್ಲು ನಿನ್ನೆಯ ಮಾತನ್ನು ಇಂದು ನಡೆಸುವುದಿಲ್ಲ. ತೊಳೆಯುವುದು, ನೋಡುವುದು, ದಡದ ಮೇಲೆ ಒಮ್ಮೆ ಕಳಚಿ ಪರೀಕ್ಷಿಸುವುದು ಪ್ರತಿ ಸಲದ ಕೆಲಸ.

ದಿಕ್ಕಿನ ಪ್ರಶ್ನೆಯೂ ಇದೆ. ಮುಂದೆ ಬಿದ್ದಾಗ ಹಿಮ್ಮಡಿ ಮೇಲೇಳುತ್ತದೆ, ತಿರುಚಿ ಬಿದ್ದಾಗ ಬೆರಳ ತುದಿ ಪಕ್ಕಕ್ಕೆ ಹೋಗುತ್ತದೆ. ಹಿಮ್ಮಡಿಯನ್ನು ಮಾತ್ರ ಬಿಡುವ ಕಟ್ಟು ತಿರುಚಿನಲ್ಲಿ ಕುರುಡು.

ಬಿಟ್ಟರೆ ಎರಡೂ ಬಿಡಬೇಕು

ಒಂದೇ ಹಲಗೆಯ ಮೇಲೆ ಒಂದರ ಹಿಂದೊಂದು ಎರಡೂ ಪಾದ ಕಟ್ಟಿಕೊಂಡು ಆಡುವಾಗ ದೊಡ್ಡ ಅಪಾಯ ಅರ್ಧ ಬಿಡುಗಡೆಯದು. ಒಂದು ಕಾಲು ಹೊರಬಂದು ಇನ್ನೊಂದು ಉಳಿಯಿತೆಂದರೆ, ಎರಡು ಕಾಲು ಹಂಚಿಕೊಂಡಿದ್ದ ತಿರುಚೆಲ್ಲ ಉಳಿದ ಒಂದರ ಮೇಲೆ ಬೀಳುತ್ತದೆ. ಅದಕ್ಕೆ ಎರಡು ಪರಿಹಾರ ಬಳಕೆಯಲ್ಲಿವೆ. ಒಂದು, ಎರಡೂ ಬೂಟುಗಳನ್ನು ಒಂದೇ ತಟ್ಟೆಯ ಮೇಲೆ ಕೂರಿಸಿ ತಟ್ಟೆಯೇ ಹಲಗೆಯಿಂದ ಕಳಚುವಂತೆ ಮಾಡುವುದು. ಎರಡು, ಹಿಂದಿನ ಪಾದಕ್ಕೆ ಹಿಮ್ಮಡಿ ತೆರೆದ ಬರೀ ಬೆರಳ ಪಟ್ಟಿ ಕೊಡುವುದು. ಅದು ತಡೆಯಿಲ್ಲದೆ ಜಾರಿ ಬರುತ್ತದೆ.

ಕಟ್ಟು ತಾನಾಗಿ ಬಿಡಲಾರದ ಕಡೆ ಬಿಡಿಸುವ ಕೆಲಸ ಇನ್ನೊಬ್ಬರ ಪಾಲಿಗೆ ಬರುತ್ತದೆ. ಚಮತ್ಕಾರದ ಸ್ಪರ್ಧೆಯಲ್ಲಿ ಆಟಗಾರ ತನ್ನನ್ನು ಎಳೆಯುವ ಹಗ್ಗವನ್ನೇ ಪಾದಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಾನೆ. ಆಗ ಹಗ್ಗದ ಇನ್ನೊಂದು ತುದಿ ದೋಣಿಯಲ್ಲಿ ಒಂದು ಬಿಡುಗೊಕ್ಕೆಗೆ ಸಿಕ್ಕಿರುತ್ತದೆ. ಅದರ ಪಿನ್ನಿನ ಮೇಲೆ ಕೈಯಿಟ್ಟು, ಆಟಗಾರನ ಮೇಲಿನ ಕಣ್ಣು ತೆಗೆಯದೆ ಒಬ್ಬರು ಕೂತಿರುತ್ತಾರೆ. ಅವನು ಬಿದ್ದ ಕ್ಷಣಕ್ಕೆ ಪಿನ್ನು ಎಳೆದು ಹಗ್ಗ ಬಿಡುವುದೇ ಅವರ ಕೆಲಸ.

ರಕ್ಷಕನ ಎದೆಪಟ್ಟಿ

ಈಗ ಪ್ರವಾಹಕ್ಕೆ ಮರಳೋಣ. ಹರಿವಿನಲ್ಲಿ ತರಬೇತಿ ಪಡೆದ ರಕ್ಷಕರು ಹಗ್ಗಕ್ಕೆ ಸಿಕ್ಕಿಕೊಂಡು ನೀರಿಗಿಳಿಯುವುದುಂಟು. ಅವರ ತೇಲುಜಾಕೆಟ್ಟಿನ ಎದೆಯ ಸುತ್ತ ಮೂರು ಬೆರಳಗಲದ ನವಾರಿನ ಪಟ್ಟಿಯೊಂದಿರುತ್ತದೆ. ಬೆನ್ನಿನ ಮೇಲೆ, ಹೆಗಲುಗಳ ನಡುವೆ, ಆ ಪಟ್ಟಿಯಲ್ಲಿ ಪೋಣಿಸಿದ ಉಂಗುರಕ್ಕೆ ಹಗ್ಗ ಸಿಕ್ಕಿರುತ್ತದೆ. ಮುಂದೆ ಎದೆಯ ಮೇಲೆ ಒಂದು ಪ್ಲಾಸ್ಟಿಕ್ ಬಕಲ್, ಅದಕ್ಕೆ ನೇತಾಡುವ ಬಣ್ಣದ ಗುಂಡು. ಗುಂಡನ್ನು ಕೈಯಿಂದ ಎಳೆದರೆ ಬಕಲ್ ಬಾಯಿ ಬಿಡುತ್ತದೆ. ಹರಿವೇ ಪಟ್ಟಿಯನ್ನು ಸರ್ರನೆ ಎಳೆದು ಉಂಗುರದಿಂದ ಹೊರಹಾಕುತ್ತದೆ, ರಕ್ಷಕ ಮುಕ್ತನಾಗಿ ತೇಲುತ್ತಾನೆ. ಪಟ್ಟಿಯ ತುದಿಯಲ್ಲಿ ಗಂಟು ಇರಬಾರದು, ಹೊಲಿಗೆಯೂ ಇರಬಾರದು. ಅದು ಸರಾಗ ಜಾರಿಹೋಗಬೇಕು.

ಇಲ್ಲೂ ಎರಡು ಗೆರೆಗಳಿವೆ. ಬಕಲ್ಲಿನ ಜೊತೆಗೆ ಒಂದು ಲೋಹದ ಬಿಲ್ಲೆಯ ಮೂಲಕವೂ ಪಟ್ಟಿಯನ್ನು ತೂರಿಸಿದರೆ ಅದು ಹೆಚ್ಚು ಭಾರಕ್ಕೂ ಜಾರದೆ ನಿಲ್ಲುತ್ತದೆ. ಆದರೆ ಹರಿವು ಮೆಲ್ಲಗಿದ್ದಾಗ ಗುಂಡು ಎಳೆದರೂ ಪಟ್ಟಿ ಬಿಲ್ಲೆಯಲ್ಲೇ ಸಿಕ್ಕಿಕೊಳ್ಳಬಹುದು. ಆದ್ದರಿಂದ ರಕ್ಷಕರು ಯಾವ ನೀರಿಗೆ ಯಾವ ಬಗೆ ಎಂದು ಮೊದಲೇ ನಿರ್ಧರಿಸಿ, ಹಗ್ಗದ ಭಾರ ಬಿದ್ದಿರುವಾಗಲೇ ಬಿಡಿಸಿ ನೋಡಿ ಅಭ್ಯಾಸ ಮಾಡಿಕೊಂಡಿರುತ್ತಾರೆ.

ನಮ್ಮ ದಂಡೆಗಳಲ್ಲಿ

ಹೊಳೆಯ ಜನ ಈ ತತ್ತ್ವವನ್ನು ಕೈಯಾರೆ ಬಲ್ಲರು. ಹರಿಗೋಲು ಹಾಕುವವರು ಎದುರು ದಂಡೆಗೆ ನೇರ ಹೊರಡುವುದಿಲ್ಲ. ಹರಿಗೋಲನ್ನು ಮೇಲ್ದಂಡೆಗೆ ಒಯ್ದು, ಅಲ್ಲಿಂದ ಹರಿವಿನ ಜೊತೆಗೇ ಓರೆಯಾಗಿ ಇಳಿಯುತ್ತ ದಾಟುತ್ತಾರೆ. ಅಂತರವನ್ನು ಕಡಿಮೆ ಇಟ್ಟುಕೊಳ್ಳುವುದೇ ಅವರ ಜಾಣ್ಮೆ. ಹಗ್ಗದ ವಿಷಯದಲ್ಲೂ ಇದೇ ಜಾಣ್ಮೆ ನಡೆಯಬೇಕು.

2009ರಲ್ಲಿ ತುಂಗಭದ್ರೆ ಮಾನ್ವಿ ಮತ್ತು ರಾಯಚೂರು ಸೀಮೆಯ ಊರುಗಳಿಗೆ ನುಗ್ಗಿತ್ತು, 2019ರಲ್ಲಿ ಕೃಷ್ಣೆಯ ಸರದಿ. ಮತ್ತೆ ನೀರು ಬರುತ್ತದೆ. ಬರುವ ಮುನ್ನ ದಂಡೆಯ ಪ್ರತಿ ಊರೂ ಮಾಡಿಟ್ಟುಕೊಳ್ಳಬಹುದಾದ ಕೆಲಸಗಳಿವು. ಹಗ್ಗ ಕೊಳ್ಳುವಾಗ ನೀರಿನ ಮೇಲೆ ತೇಲುವ ಪಾಲಿಪ್ರೊಪಿಲೀನ್ ಹಗ್ಗವನ್ನೇ ಕೇಳಿ. ನೈಲಾನ್ ಮುಳುಗುತ್ತದೆ. ತೇಲುವ ಹಗ್ಗದ ತುದಿಗೆ ಸ್ವಲ್ಪ ನೀರು ತುಂಬಿ ಬಿರಡೆ ಬಿಗಿದ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನು ಕಟ್ಟಿದರೆ ದೂರ ಎಸೆಯಲು ಬರುತ್ತದೆ, ಹಿಡಿದವನನ್ನು ತೇಲಿಸಲೂ ನೆರವಾಗುತ್ತದೆ. ಯಾರಾದರೂ ನೀರಿಗೆ ಸಿಕ್ಕಿಕೊಂಡಾಗ ಮೊದಲು ಉದ್ದನೆಯ ಬಿದಿರು ಚಾಚಿ. ಅದು ಎಟುಕದಿದ್ದರೆ ಹಗ್ಗ ಎಸೆಯಿರಿ. ಅದೂ ಆಗದಿದ್ದರೆ ಹರಿಗೋಲು ಅಥವಾ ದೋಣಿ. ಮೈಗೆ ಹಗ್ಗ ಕಟ್ಟಿಕೊಂಡು ಹರಿವಿಗೆ ಇಳಿಯುವುದು ಕಳಚುವ ಎದೆಪಟ್ಟಿಯೂ ತರಬೇತಿಯೂ ಇದ್ದವರ ಕೆಲಸ.

ಸಿಕ್ಕಿಕೊಂಡವನಿಗೆ ಕೂಗಿ ಹೇಳಬೇಕಾದದ್ದು: ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡ, ಬರೀ ಹಿಡಿ. ಅಂಗಾತ ಮಲಗು, ಪಾದ ಹರಿವಿನ ಮುಂದಕ್ಕಿರಲಿ, ಬೆರಳು ನೀರಿನ ಮೇಲೆ ಕಾಣಲಿ. ದಡ ಮುಟ್ಟುವ ಮೊದಲು ಎದ್ದು ನಿಲ್ಲಬೇಡ. ದಂಡೆಯ ಮೇಲಿರುವವರೂ ಹಗ್ಗವನ್ನು ಮಣಿಕಟ್ಟಿಗೆ, ಸೊಂಟಕ್ಕೆ ಸುತ್ತಿಕೊಳ್ಳಬಾರದು. ಅವನನ್ನು ಹರಿವಿಗೆ ಎದುರಾಗಿ ಜಗ್ಗದೆ, ದಂಡೆಯುದ್ದಕ್ಕೂ ಅವನ ಜೊತೆಗೇ ಕೆಳಗೆ ನಡೆಯುತ್ತ ಬಂದರೆ ಹರಿವೇ ಅವನನ್ನು ಓರೆಯಾಗಿ ದಡಕ್ಕೆ ತರುತ್ತದೆ. ಅನಿವಾರ್ಯವಾಗಿ ಹಗ್ಗವನ್ನು ಮರಕ್ಕೆ ಕಟ್ಟಲೇಬೇಕಾದರೆ, ಆ ಮರದ ಬುಡದಲ್ಲಿ ಕುಡುಗೋಲು ಹಿಡಿದು ಒಬ್ಬರು ನಿಂತಿರಲಿ. ಅವರ ಕಣ್ಣು ನೀರಿನಲ್ಲಿರುವವನ ತಲೆಯ ಮೇಲಿರಲಿ.

ಹಲಗೆಯ ಕಟ್ಟಾಗಲಿ, ಎದೆಪಟ್ಟಿಯಾಗಲಿ, ಹೊಲದ ಹಗ್ಗವಾಗಲಿ, ಓಡುವ ನೀರಿನ ಹತ್ತಿರ ಮೈಗೆ ಏನನ್ನು ಕಟ್ಟುವಾಗಲೂ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಇದು ಎಷ್ಟು ಭಾರಕ್ಕೆ ಬಿಡುತ್ತದೆ? ಎಲ್ಲ ದಿಕ್ಕಿನಿಂದಲೂ ಬಿಡುತ್ತದೆಯೇ? ಪೂರ್ತಿ ಬಿಡುತ್ತದೆಯೇ? ಬಿಡಿಸುವ ಕೈ ಯಾರದು? ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆಯೇ ಕಟ್ಟಬೇಕು. ಮಳೆಗಾಲಕ್ಕೆ ಮುನ್ನ ಒಂದು ದಿನ, ನಿಂತ ನೀರಿನಲ್ಲಿ, ಊರಿನ ನಾಲ್ಕು ಜನ ಸೇರಿ ಹಗ್ಗ ಎಸೆಯುವುದನ್ನೂ ಬಿಡಿಸುವುದನ್ನೂ ಮಾಡಿ ನೋಡಿದರೆ, ಪ್ರವಾಹದ ದಿನ ಯಾರೂ ನಿಂತು ಯೋಚಿಸಬೇಕಾಗುವುದಿಲ್ಲ.